ಕಲ್ಲು ಬೀಳದ ಮನುಷ್ಯ

ನಮ್ಮೂರಿನಲ್ಲಿ ನಾಳೆಯ ಬಗ್ಗೆ ಯಾರೂ ಸುಮ್ಮನೆ ಬಾಯಿ ಬಿಡುವುದಿಲ್ಲ. ನಮ್ಮ ಮಾತು ನಂಬಿ ಇನ್ನೊಬ್ಬರು ಒಂದು ಕೆಲಸಕ್ಕೆ ಕೈ ಹಾಕಿ, ಆ ಮಾತು ಸುಳ್ಳಾಯಿತೆಂದರೆ ನಮ್ಮ ಪಾದದ ಬಳಿ ಕಲ್ಲು ಬೀಳುತ್ತದೆ. ಎಲ್ಲಿಂದ ಬೀಳುತ್ತದೆ ಎಂದು ಕೇಳುವವರು ಹೊರಗಿನವರು. ನಾವು ಕೇಳುವುದು ಎಷ್ಟು ದೊಡ್ಡದು ಎಂದು ಮಾತ್ರ. ಕೇಳಿದವರಿಗೆ ಎಷ್ಟು ನಷ್ಟವೋ ಕಲ್ಲು ಅಷ್ಟು. ಇವತ್ತು ಮೋಡ ಕಟ್ಟುವುದಿಲ್ಲ ಎಂದು ಹೇಳಿ ಪಕ್ಕದ ಮನೆಯವರ ಹಪ್ಪಳ ನೆನೆಸಿದರೆ ನಿಂಬೆಹಣ್ಣಿನಷ್ಟು. ಹುಡುಗ ನಿಮ್ಮ ಮಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ ಎಂದು ಹೇಳಿ ಮದುವೆ ಮಾಡಿಸಿ, ಆ ಹುಡುಗಿ ವರ್ಷದೊಳಗೆ ತವರಿಗೆ ಬಂದರೆ ಒರಳಿನಷ್ಟು. ಬಿದ್ದ ಕಲ್ಲನ್ನು ಹೇಳಿದವರು ಮಾತ್ರ ಎತ್ತಬಲ್ಲರು. ಬೇರೆಯವರು ಹಾರೆ ಹಾಕಿ ಮೀಟಿದರೂ ಅಲುಗುವುದಿಲ್ಲ. ಎತ್ತಿಕೊಂಡು ಹೋಗಿ ತಮ್ಮ ಮನೆಯ ಮುಂದೆ ಇಟ್ಟುಕೊಳ್ಳಬೇಕು. ಹೀಗಾಗಿ ಒಂದು ಮನೆಯವರ ಮಾತಿಗೆ ಎಷ್ಟು ಬೆಲೆ ಎಂದು ತಿಳಿಯಲು ಅವರ ಬಾಗಿಲ ಮುಂದೆ ಒಂದು ಸಲ ಹಾದುಹೋದರೆ ಸಾಕು.

ಇದಕ್ಕೆ ಊರು ಒಗ್ಗಿಕೊಂಡಿದೆ. ನಮ್ಮ ಡಾಕ್ಟರು ಗುಳಿಗೆ ಬರೆದುಕೊಟ್ಟು, "ತಗೊಂಡು ನೋಡ್ರಿ" ಎನ್ನುತ್ತಾರೆ, ವಾಸಿಯಾಗುತ್ತದೆ ಎನ್ನುವುದಿಲ್ಲ. ಬಸ್ ನಿಲ್ದಾಣದ ಕಂಟ್ರೋಲರನನ್ನು ಮುಂದಿನ ಬಸ್ಸು ಯಾವಾಗ ಎಂದು ಕೇಳಿದರೆ ಹಿಂದಿನ ಬಸ್ಸು ಯಾವಾಗ ಹೋಯಿತು ಎಂದು ಹೇಳುತ್ತಾನೆ. ಜ್ಯೋತಿಷಿಗಳು ನಮ್ಮೂರಲ್ಲಿ ಅಂಗಡಿ ಇಟ್ಟದ್ದೇ ಇಲ್ಲ. ಚುನಾವಣೆ ಬಂದರೆ ಅಭ್ಯರ್ಥಿಗಳು ಕೈ ಮುಗಿದುಕೊಂಡು ಬೀದಿ ಬೀದಿ ತಿರುಗಿ, ಒಂದು ಮಾತೂ ಆಡದೆ ಜೀಪು ಹತ್ತುತ್ತಾರೆ. ಹೊರಗಿನವರಿಗೆ ಇದು ದೊಡ್ಡ ಸುಖವೆಂದು ತೋರಬಹುದು. ಆದರೆ ಹುಟ್ಟಿದಾಗಿನಿಂದ "ಎಲ್ಲಾ ಚಲೋ ಆಗತೈತಿ, ಹೆದರಬ್ಯಾಡ" ಎಂಬ ಒಂದು ಮಾತು ಕಿವಿಗೆ ಬೀಳದೆ ಬೆಳೆದವರಿಗೆ ಗೊತ್ತು, ಹಾಗೆ ಹೇಳುವವನಿಗಾಗಿ ಮನುಷ್ಯ ಎಷ್ಟು ಹಸಿದಿರುತ್ತಾನೆ ಎಂದು. ಆ ಹಸಿವಿನ ಮೇಲೆ ಕೌಸ್ತುಭರಾಜ್ ಎಂಬವನು ಊಟ ಮಾಡಿ ಎದ್ದುಹೋದ. ಅದನ್ನೇ ಹೇಳಹೊರಟಿದ್ದೇನೆ.

ನನ್ನ ಹೆಸರು ಪರಸಪ್ಪ. ಊರಿನ ಉಚಿತ ಹಾಸ್ಟೆಲಿನಲ್ಲಿದ್ದು ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದೇನೆ. ಹಾಸ್ಟೆಲಿನ ಊಟ ಕೆಟ್ಟದು, ಲೈಬ್ರರಿ ಒಳ್ಳೆಯದು. ಊಟಕ್ಕೆ ನಾನು ಹೋಗುವುದು ನಮ್ಮ ಅಪ್ಪನ ಅಕ್ಕ ದ್ಯಾಮವ್ವತ್ತೆಯ ರೊಟ್ಟಿ ಕೋಣೆಗೆ. ಪೇಟೆಯ ಮುಖ್ಯ ರಸ್ತೆಗೆ ಮುಖ ಮಾಡಿದ ಉದ್ದನೆಯ ಕೋಣೆ ಅದು. ಅತ್ತೆ, ಹುಸೇನಬಿ ಮತ್ತು ಇನ್ನೂ ನಾಲ್ಕು ಜನ ಹೆಂಗಸರು ಸೇರಿ ಅಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಡುತ್ತಾರೆ. ಇವರಲ್ಲಿ ಮೂವರಿಗೆ ಗಂಡನಿಲ್ಲ, ಇಬ್ಬರಿಗೆ ಇದ್ದೂ ಇಲ್ಲ. ಆ ಕೋಣೆ ಇದ್ದರೆ ಅವರಿಗೆ ಅನ್ನ. ಬೇರೆ ಕಡೆ ಹೋಗುತ್ತೇವೆಂದರೆ ಆರು ಒಲೆಯ ಹೊಗೆಯನ್ನು ಯಾವ ಮಾಲೀಕನೂ ಒಪ್ಪುವುದಿಲ್ಲ. ಹಿಂದಿನ ಓಣಿಗೆ ಹೋದರೆ ಗಿರಾಕಿ ಬರುವುದಿಲ್ಲ.

ಕೋಣೆಯ ಮಾಲೀಕ ಕೊಟ್ರಪ್ಪ ಶೆಟ್ಟರು ಕೆಟ್ಟ ಮನುಷ್ಯನೇನಲ್ಲ. ಹೋದ ಬೇಸಿಗೆಯಲ್ಲಿ ಬಂದು, ಬಾಗಿಲಲ್ಲೇ ನಿಂತು, "ದ್ಯಾಮವ್ವಾ, ಇದನ್ನ ಮಾರಬೇಕಂತ ಮಾಡೇನಿ. ನೀವು ತಗೊಳ್ಳೂದಾದರ ಮೊದಲು ನಿಮಗ. ದೀಪಾವಳಿ ತನಕ ಬ್ಯಾರೆಯವರ ಕೂಡ ಮಾತಾಡಬಾರದಂತ ನನ್ನ ಮನಸ್ಸಿನ್ಯಾಗ ಐತಿ" ಎಂದರು. ಹಾಗೆಯೇ ಆಗುತ್ತದೆಂದು ಅವರೂ ಹೇಳಲಿಲ್ಲ. ಅವರ ಮನೆಯ ಮುಂದೆ ಆಗಲೇ ಎರಡು ಕಲ್ಲುಗಳಿವೆ.

ಹೆಂಗಸರು ವರ್ಷಗಟ್ಟಲೆ ಕೂಡಿಟ್ಟ ಹಣ ಬ್ಯಾಂಕಿನಲ್ಲಿತ್ತು. ಕೋಣೆಯ ಬೆಲೆಗೆ ಅದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಉಳಿದದ್ದಕ್ಕೆ ದಾರಿ ಹುಡುಕುತ್ತಿದ್ದಾಗ ನಡುವೆ ಬಂದವರು ನಮ್ಮ ಹೊಳೆಬಸಪ್ಪ ಕಾಕಾ, ಅತ್ತೆಯ ತಮ್ಮ, ನನ್ನ ಅಪ್ಪನಿಗೂ ತಮ್ಮ. ಕಾಕಾ ಪುರಸಭೆಯಲ್ಲಿ ನೀರು ಬಿಡುವ ಕೆಲಸ ಮಾಡಿ ನಿವೃತ್ತರಾದವರು. ಓಣಿಯ ಹೆಂಗಸರು ಮೂವತ್ತು ವರ್ಷ "ನೀರು ಯಾವಾಗ ಬರತೈತ್ರಿ" ಎಂದು ಕೇಳಿದರೂ "ನಳದ ಬಾಯಿಗೆ ಕೊಡ ಇಟ್ಟು ನೋಡ್ರಿ" ಎಂಬುದಕ್ಕಿಂತ ಹೆಚ್ಚಿಗೆ ಹೇಳಿದವರಲ್ಲ. ಅವರ ಮನೆಯ ಮುಂದೆ ಒಂದು ಹರಳೂ ಇರಲಿಲ್ಲ. ಅಂಗಳ ಬರಿಯ ಸೆಗಣಿ ಸಾರಿಸಿದ ನೆಲ. ಅದರ ಬಗ್ಗೆ ಅವರಿಗೆ ಹೆಮ್ಮೆ. ಬಂದವರನ್ನು ಮನೆಯೊಳಗೆ ಕರೆಯುವ ಮೊದಲು ಅಂಗಳದಲ್ಲಿ ಸ್ವಲ್ಪ ನಿಲ್ಲಿಸಿಕೊಳ್ಳುತ್ತಿದ್ದರು.

ನಿವೃತ್ತಿಯ ಮೇಲೆ ಕಾಕಾಗೆ ಟಿವಿಯೇ ಕೆಲಸವಾಯಿತು. ಬೆಳಿಗ್ಗೆ ಒಂದು ಚಾನೆಲ್ಲಿನಲ್ಲಿ 'ಲಾಭದ ಹೊತ್ತು' ಎಂಬ ಕಾರ್ಯಕ್ರಮ ಬರುತ್ತದೆ. ಅದನ್ನು ನಡೆಸುವವನು ಈ ಕೌಸ್ತುಭರಾಜ್. ನೀಲಿ ಕೋಟು, ಮಿಂಚುವ ಬೂಟು, ಗಾಜಿನಂಥ ನೆಲದ ಮೇಲೆ ಅತ್ತಿಂದಿತ್ತ ನಡೆಯುತ್ತ ಮಾತು. "ಇದನ್ನು ತಗೊಳ್ಳಿ. ಮೂರು ತಿಂಗಳು. ಡಬಲ್. ಬರೆದಿಟ್ಟುಕೊಳ್ಳಿ." ನಮ್ಮೂರಿನವರು ಜೀವಮಾನದಲ್ಲಿ ಆಡದಷ್ಟು ನಾಳೆಗಳನ್ನು ಅವನು ಒಂದು ಬೆಳಿಗ್ಗೆ ಆಡುತ್ತಿದ್ದ. ಕಾಕಾ ನೋಡುತ್ತಿದ್ದದ್ದು ಅವನ ಮುಖವನ್ನಲ್ಲ, ಕಾಲನ್ನು. ದಿನಾ ನೋಡಿದರು. ಬೂಟಿನ ಅಕ್ಕಪಕ್ಕ ಒಂದು ಹರಳು ಬಿದ್ದದ್ದು ಕಾಣಲಿಲ್ಲ.

ಬೇರೆ ಊರುಗಳಲ್ಲಿ ಕಲ್ಲು ಬೀಳುವುದಿಲ್ಲ ಎಂದು ನಾವೆಲ್ಲ ಕೇಳಿದ್ದೇವೆ. ಆದರೆ ಕೇಳಿದ್ದು ಬೇರೆ, ಕಣ್ಣಿಗೆ ರೂಢಿಯಾದದ್ದು ಬೇರೆ. ನಡೆಯಲು ಕಲಿತಾಗಿನಿಂದ ಪಾದ ನೋಡಿಯೇ ಮನುಷ್ಯನನ್ನು ಅಳೆದ ಕಣ್ಣು ನಮ್ಮದು. ಖಾಲಿ ನೆಲ ಕಂಡರೆ ನಂಬಿಕೆ ತಾನಾಗಿಯೇ ಹುಟ್ಟುತ್ತದೆ. ಕಾಕಾ ಒಬ್ಬರಿಗೇ ಅಲ್ಲ, ಅರ್ಧ ಊರಿಗೆ ಹಾಗೆಯೇ ಹುಟ್ಟಿತ್ತು.

ಒಂದು ಮಧ್ಯಾಹ್ನ ನಾನು ಊಟಕ್ಕೆ ಕೂತಿದ್ದಾಗಲೇ ಕಾಕಾ ರೊಟ್ಟಿ ಕೋಣೆಗೆ ಬಂದರು.

"ಅಕ್ಕಾ, ಆ ಬ್ಯಾಂಕಿನ ರೊಕ್ಕ ಅಲ್ಲೇ ಮಲಗಿಸಿ ಏನ್ ಮಾಡತೀ?"

"ಮಲಗಲಿ ಬಿಡು, ದಣಿದೈತಿ" ಎಂದಳು ಅತ್ತೆ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

"ಚೇಷ್ಟೆ ಬ್ಯಾಡ. ತೇಜಪಥ ಪೈಪ್ಸ್ ಅಂತ ಒಂದು ಶೇರ್ ಐತಿ. ದೀಪಾವಳಿಯೊಳಗ ದುಪ್ಪಟ್ಟಾಗತೈತಿ. ಕೋಣಿ ನಿಮ್ಮದಾಗತೈತಿ."

ಕೋಣೆಯಲ್ಲಿ ಆರು ಜೊತೆ ಕೈಗಳೂ ನಿಂತವು. ದುಪ್ಪಟ್ಟಾಗುತ್ತದೆ ಎಂಬುದಕ್ಕಲ್ಲ, ಹೊಳೆಬಸಪ್ಪನ ಬಾಯಿಂದ 'ಆಗತೈತಿ' ಎಂಬ ಮಾತು ಬಂತಲ್ಲ ಎಂದು.

ಹುಸೇನಬಿ ಕಾಕಾನ ಕಾಲಿನ ಕಡೆ ನೋಡಿ, "ಕಾಕಾ, ನೀರು ಬರತೈತಿ ಅಂತ ಸುದ್ದಾ ಎಂದೂ ಹೇಳದಾಂವ ನೀವು. ಈಗ ರೊಕ್ಕ ಬರತೈತಿ ಅಂತೀರಲ್ಲ" ಎಂದಳು.

"ನಾ ಹೇಳಾಕತ್ತಿಲ್ಲವ್ವಾ. ಅಂವ ಹೇಳಾಕತ್ತಾನ. ಎರಡು ವರ್ಷ ದಿನಾ ನೋಡೇನಿ. ಅಷ್ಟು ಮಾತಾಡತಾನ, ಒಂದಾದರೂ ಕಲ್ಲು ಬಿದ್ದೈತೇನು ಅವನ ಕಾಲಾಗ? ನಾ ಬಾಯಿ ಮುಚ್ಚಿಕೊಂಡು ಗಳಿಸಿದ್ದನ್ನ ಅಂವ ಬಾಯಿ ತೆರೆದು ಗಳಿಸ್ಯಾನ. ಅಂಥಾ ಮನುಷ್ಯಾನ್ನ ನಂಬಲಿಲ್ಲಂದ್ರ ಯಾರನ್ನ ನಂಬತೀರಿ?"

ಅತ್ತೆ ನನ್ನತ್ತ ತಿರುಗಿ, "ನೀ ಓದಾಂವ. ಏನಂತೀ ಪರಸ್ಯಾ?" ಎಂದಳು. ಕಾಕಾ ಹೇಳುವ ಕಂಪನಿಯ ಹೆಸರನ್ನೇ ನಾನು ಕೇಳಿರಲಿಲ್ಲ. ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಎಂಬುದು ನಮ್ಮೂರಿನಲ್ಲಿ ಅರ್ಧ ಜನರ ಅರ್ಧ ಮಾತು; ಅದನ್ನು ಯಾರೂ ಎಚ್ಚರಿಕೆ ಎಂದು ತೆಗೆದುಕೊಳ್ಳುವುದಿಲ್ಲ.

ಮೊಬೈಲ್ ಅಂಗಡಿಯಲ್ಲಿ ಖಾತೆ ತೆರೆಸಿ ಹಣ ಹಾಕಿದರು. ಮೊದಲ ಕೆಲವು ವಾರ ಶೇರು ಏರಿತು. ಕಾಕಾ ದಿನಾ ಬಂದು ಬೆಲೆ ಹೇಳಿ, ಬಿಸಿ ರೊಟ್ಟಿ ತಿಂದು ಹೋಗುತ್ತಿದ್ದರು. ಹೆಂಗಸರು ಗೋಡೆಗೆ ಯಾವ ಬಣ್ಣ ಹಚ್ಚಬೇಕು ಎಂಬುದರ ಮೇಲೆ ಜಗಳವಾಡಿಕೊಂಡರು. ಆಮೇಲೆ ಒಂದು ಸೋಮವಾರ ಅದು ಇಳಿಯಿತು. ಮಂಗಳವಾರ ಇನ್ನೂ ಇಳಿಯಿತು. ಮಾರೋಣವೆಂದರೆ ಕೊಳ್ಳುವವರೇ ಇಲ್ಲ ಎಂದು ಮೊಬೈಲು ತೋರಿಸುತ್ತಿತ್ತು. ಆ ಕಂಪನಿಯ ಪೈಪುಗಳು ಬರಿಯ ಕಾಗದದ ಮೇಲಿದ್ದವು ಎಂಬ ಸುದ್ದಿ ಪೇಪರಿನ ಒಳಪುಟದಲ್ಲಿ ಎರಡು ಬೆರಳಷ್ಟು ಜಾಗದಲ್ಲಿ ಬಂತು. ಕೊನೆಗೆ ಮಾರಿದಾಗ ಹೆಂಗಸರ ಕೈಗೆ ಬಂದದ್ದು ಕೋಣೆಯ ಚಾವಣಿಗೆ ಒಂದು ಹೊಸ ತಗಡು ಹೊದಿಸಲೂ ಸಾಲದಷ್ಟು.

ಕಲ್ಲು ಬಿದ್ದಾಗ ಕಾಕಾ ಅತ್ತೆಯ ಮುಂದೆಯೇ ನಿಂತಿದ್ದರು. ಏನೋ ಹೇಳಲು ಬಂದಿದ್ದರು, ಬಾಯಿ ತೆರೆದಿತ್ತು. ಧಡ್ ಎಂದು ಸದ್ದಾಯಿತು. ಒಲೆಯ ಬೂದಿ ಎಲ್ಲರ ಮುಖದವರೆಗೆ ಹಾರಿತು. ಬೀಸುವ ಕಲ್ಲಲ್ಲ, ಒರಳಲ್ಲ. ಮಂಡಿಯವರೆಗೆ ಬರುವ ಕರಿಯ ಗುಂಡು. ಆರು ಹೆಂಗಸರ ದುಡಿಮೆಯ ತೂಕ. ಕಾಕಾ ಅದರ ಮೇಲೆ ಕೈ ಇಟ್ಟು, ಪರೀಕ್ಷೆ ಮಾಡುವಂತೆ ಮುಟ್ಟಿ ನೋಡಿ, "ಇದು ನಂದಲ್ಲ" ಎಂದರು. ಇನ್ನೊಮ್ಮೆ, "ಅಕ್ಕಾ, ಇದು ಅವನದು" ಎಂದರು. ನಾನು ತಳ್ಳಿ ನೋಡಿದೆ, ಅಲುಗಲಿಲ್ಲ. ಕಾಕಾ ತಳ್ಳಿದರು, ಉರುಳಿತು.

ಪೇಟೆಯ ನಡುವೆ, ಹಾಡಹಗಲು, ಅರವತ್ತು ದಾಟಿದ ಮನುಷ್ಯ ಆ ಗುಂಡನ್ನು ಉರುಳಿಸಿಕೊಂಡು ಮನೆಗೆ ಹೋದದ್ದನ್ನು ಊರೆಲ್ಲ ನೋಡಿತು. ಚಹಾದ ಅಂಗಡಿಯವರು ಬೆಂಚು ಸರಿಸಿ ದಾರಿ ಕೊಟ್ಟರು. ಯಾರೂ ನಗಲಿಲ್ಲ, ನಕ್ಕಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅಯ್ಯೋ ಪಾಪ ಎಂಬಂತೆ ತಲೆ ಆಡಿಸಿದರು. ಸಾರಿಸಿದ ಅಂಗಳದ ನಡುವೆ ಅದನ್ನು ನಿಲ್ಲಿಸಿ ಕಾಕಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಬೆಳಿಗ್ಗೆ ನಾನು ಹಾಸ್ಟೆಲಿನ ಟಿವಿಯಲ್ಲಿ 'ಲಾಭದ ಹೊತ್ತು' ನೋಡಿದೆ. ನೀಲಿ ಕೋಟು, ಅದೇ ಬೂಟು, ಅದೇ ಗಾಜಿನ ನೆಲ. ತೇಜಪಥ ಪೈಪ್ಸಿನ ಹೆಸರೇ ಎತ್ತಲಿಲ್ಲ. ಯಾರೋ ಫೋನ್ ಮಾಡಿ ಕೇಳಿದ್ದಕ್ಕೆ, "ಮಾರ್ಕೆಟ್‌ನಲ್ಲಿ ಹಿಂದೆ ನೋಡಬಾರದು ಸರ್" ಎಂದು ಮುಂದಿನ ಶೇರಿಗೆ ಹೋದ. ಪರದೆಯ ತಳದಲ್ಲಿ ಇರುವೆಸಾಲಿನಂಥ ಅಕ್ಷರಗಳು ಓಡುತ್ತಿದ್ದವು. ನಾನು ಟಿವಿಯ ಹತ್ತಿರ ಹೋಗಿ, ಬಗ್ಗಿ, ನಾಲ್ಕು ಸಲ ಓಡಿದ ಮೇಲೆ ಪೂರ್ತಿ ಓದಿದೆ. ಇಲ್ಲಿ ಹೇಳಿದ ಶೇರುಗಳು ಹೇಳುವವರ ಬಳಿಯೂ ಇರಬಹುದು, ಲಾಭನಷ್ಟಕ್ಕೆ ನೋಡುಗರೇ ಹೊಣೆ ಎಂದಿತ್ತು. ಬಾಯಿಯಿಂದ ಡಬಲ್ ಎನ್ನುವುದು ಗಂಟೆ ಬಾರಿಸಿದಂತೆ ಕೇಳಬೇಕು, ಹೊಣೆ ನನ್ನದಲ್ಲ ಎನ್ನುವುದು ಭೂತಗನ್ನಡಿ ಹಿಡಿದು ಓದಬೇಕು. ಇದಕ್ಕೆ ನಿಯಮ ಪಾಲಿಸುವುದು ಎಂದು ಹೆಸರು. ಚಾನೆಲ್ಲಿಗೆ ಫೋನ್ ಮಾಡಿದೆ, ಒಂದು ಹೆಣ್ಣು ದನಿ ಒಂದು ಒತ್ತಿ, ಎರಡು ಒತ್ತಿ ಎಂದಿತು. ಶೇರುಪೇಟೆಯ ಮೇಲೆ ಕಣ್ಣಿಡುವ ಸರಕಾರಿ ಕಚೇರಿಗೆ ದೂರು ಬರೆದೆ, ಹೂಡಿಕೆಗೆ ಮೊದಲು ಚೆನ್ನಾಗಿ ವಿಚಾರ ಮಾಡಿ ಎಂಬ ಉಪದೇಶ ಬಂತು. ಲೈಬ್ರರಿಯಲ್ಲಿ ಕುಳಿತು ಶೇರುಪೇಟೆಯ ಬಗ್ಗೆ ಇದ್ದ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದೆ. ಪೇಟೆಯಲ್ಲಿ ಎಲ್ಲರೂ ಸಮಾನರು ಎಂದು ಪ್ರತಿಯೊಂದರ ಮೊದಲ ಅಧ್ಯಾಯದಲ್ಲಿತ್ತು. ನನ್ನ ಅತ್ತೆ ಕೊಳ್ಳುವಾಗ ಯಾವನೋ ಮಾರಿದ್ದಾನಲ್ಲ, ಅವನ್ಯಾರು ಎಂಬುದು ಯಾವ ಅಧ್ಯಾಯದಲ್ಲೂ ಇರಲಿಲ್ಲ.

ಇದಕ್ಕಿಂತ ಹೆಚ್ಚು ರೇಗಿಸಿದ್ದು ನನ್ನ ಊರೇ. ತೇಜಪಥ ಪೈಪ್ಸಿನಲ್ಲಿ ಕಳೆದುಕೊಂಡವರು ನಮ್ಮ ಹೆಂಗಸರು ಮಾತ್ರ ಎಂದುಕೊಂಡು ಊರು ಹೊಸದೊಂದು ತರ್ಕ ಹೂಡಿತು. ಚಹಾದ ಅಂಗಡಿಯಲ್ಲಿ ಇಸ್ತ್ರಿ ಅಂಗಿಯ ಒಬ್ಬ ಹಿರಿಯರು ನನಗೇ ಹೇಳಿದರು: "ಕಲ್ಲು ಯಾರ ಕಾಲಾಗ ಬಿತ್ತಪಾ? ಹೊಳಿಬಸಪ್ಪನ ಕಾಲಾಗ. ಅಂದಮ್ಯಾಲೆ ತಪ್ಪು ಹೊಳಿಬಸಪ್ಪಂದು. ಟಿವಿಯಾಗಿನ ಮನುಷ್ಯಾಗ ಬಿದ್ದಿಲ್ಲಲ್ಲ?"

"ಅಂವ ನಮ್ಮೂರಾಗ ಇಲ್ಲಲ್ರಿ" ಎಂದೆ.

"ಅಲ್ಲೇ ನೋಡು. ಇದ್ದಿದ್ದರ ಸರಿಯಾಗಿ ತಿಳಿಸಿ ಹೇಳತಿದ್ದ. ನಡುವ ನಿಂತಾಂವ ಕೆಡಿಸ್ಯಾನ."

ಹೀಗೆ ನಂಬಿ ಹೇಳಿದವನು ಅಪರಾಧಿಯಾದ, ನಂಬಿಸಿದವನ ಬೂಟು ಇನ್ನಷ್ಟು ಹೊಳೆಯಿತು. ನ್ಯಾಯವೆಂದು ನಾವು ತಲೆತಲಾಂತರದಿಂದ ಹೊತ್ತುಕೊಂಡು ತಿರುಗಿದ ಕಲ್ಲು ಹತ್ತಿರವಿದ್ದವನನ್ನು ಮಾತ್ರ ಹಿಡಿಯುತ್ತದೆ, ದೂರ ನಿಂತವನನ್ನು ಮುಟ್ಟುವುದಿಲ್ಲ. ಇದನ್ನು ಹೇಳಿದರೆ ಜನ ನನ್ನನ್ನು ಹಾಸ್ಟೆಲಿನಲ್ಲಿ ಓದಿ ಕೆಟ್ಟವನು ಎಂದರು.

ದೀಪಾವಳಿ ಹತ್ತಿರ ಬಂತು. ಕೊಟ್ರಪ್ಪ ಶೆಟ್ಟರು ಬಂದು ಈ ಸಲ ಒಳಗೆ ಬಂದು ಕುಳಿತರು. ಒಂದು ಶೇರು ಕಂಪನಿ ನಮ್ಮೂರಲ್ಲಿ ಶಾಖೆ ತೆರೆಯಲು ಜಾಗ ನೋಡುತ್ತಿದೆ, ಈ ಕೋಣೆ ಅವರಿಗೆ ಹಿಡಿಸಿದೆ ಎಂದರು. ಅದಕ್ಕೆ ಮೊದಲು ಕೋಣೆಯ ಮುಂದೆಯೇ ಒಂದು ಶಿಬಿರ ಮಾಡುತ್ತಾರಂತೆ. ಅವತ್ತು ಮುನ್ನೂರು ಜನ ಖಾತೆ ತೆರೆದರೆ ಅಲ್ಲೇ ಕೋಣೆಯ ಖರೀದಿ ಕಾಗದಕ್ಕೆ ಸಹಿ, ತೆರೆಯದಿದ್ದರೆ ಅವರು ಬೇರೆ ಊರು ನೋಡುತ್ತಾರೆ. "ಕೌಸ್ತುಭರಾಜ ಬರಬೇಕಂತ ಮಾಡ್ಯಾರ" ಎಂದು ಮೆಲ್ಲಗೆ ಸೇರಿಸಿದರು. "ಮುನ್ನೂರು ಆಗಲಿಲ್ಲಂದ್ರ?" ಎಂದು ಅತ್ತೆ ಕೇಳಿದಳು. "ಆಗಲಿಲ್ಲಂದ್ರ ನನಗ ಬ್ಯಾರೆ ಗಿರಾಕಿ ಇಲ್ಲವ್ವಾ. ನೀವು ಬಾಡಿಗಿ ಕೊಡ್ರಿ, ನಾ ತಗೋತೇನಿ." ಆಮೇಲೆ ನಾಚಿಕೆಯಿಂದ, ಶಿಬಿರದ ಊಟಕ್ಕೆ ಕಂಪನಿಯವರಿಗೆ ರೊಟ್ಟಿ ಬೇಕಂತೆ ಎಂದರು.

"ನಮ್ಮನ್ನ ಹೊರಗ ಹಾಕೂ ಊಟಕ್ಕ ನಾವ ರೊಟ್ಟಿ ಬಡೀಬೇಕಂತ!" ಎಂದಳು ಹುಸೇನಬಿ, ಅವರು ಹೋದ ಮೇಲೆ.

"ಬಡಿಯೂಣು. ರೊಕ್ಕ ಕೊಡತಾರಲ್ಲ" ಎಂದಳು ಅತ್ತೆ. "ಮುಂಗಡ ಇಸಕೋ."

ಶಿಬಿರದ ದಿನ ರಸ್ತೆಗೆ ಅಡ್ಡಲಾಗಿ ಶಾಮಿಯಾನ ಹಾಕಿದ್ದರು. ರೊಟ್ಟಿ ಕೋಣೆಯ ಬಾಗಿಲಿಗೆ ಬೆನ್ನು ಮಾಡಿ ವೇದಿಕೆ, ವೇದಿಕೆಯ ಮೇಲೆ ಆಳೆತ್ತರದ ಪರದೆ, ಕೆಳಗೆ ಖಾತೆ ತೆರೆಯುವ ಮೇಜುಗಳು. ಮೇಜಿನ ಮುಂದೆ ಸರದಿ ಆಗಲೇ ತಿರುವಿನವರೆಗೆ ಹೋಗಿತ್ತು. ಅರ್ಧ ಜನ ಖಾತೆಗೆ, ಅರ್ಧ ಜನ ಕಾಲು ನೋಡಲು ಬಂದಿದ್ದರು. ಅಷ್ಟು ಮಾತಾಡುವವನು ನಮ್ಮ ನೆಲದ ಮೇಲೆ ನಿಂತು ಮಾತಾಡಿದರೂ ಕಲ್ಲು ಬೀಳದಿದ್ದರೆ ಇನ್ನೇನು ಬೇಕು? ನಾನೂ ಅದಕ್ಕೇ ಹೋಗಿದ್ದೆ. ಅವನು ಬಾಯಿ ಬಿಡಲಿ, ಇಂದಲ್ಲ ನಾಳೆ ಅವನ ಪಾಲಿನದು ಅವನಿಗೆ ಬೀಳಲಿ ಎಂದು.

ಅವನು ಬಂದ. ಟಿವಿಯಲ್ಲಿ ಕಂಡದ್ದಕ್ಕಿಂತ ಕುಳ್ಳಗಿದ್ದ. ಚಪ್ಪಾಳೆ ಬಿತ್ತು. ಮೈಕು ಹಿಡಿದು, "ನಮಸ್ಕಾರ. ನಿಮ್ಮೂರು ಚೆನ್ನಾಗಿದೆ. ನಿಮ್ಮ ರೊಟ್ಟಿ ತುಂಬಾ ಚೆನ್ನಾಗಿದೆ. ನಿಮ್ಮೆಲ್ಲರನ್ನೂ ನೋಡಿ ಸಂತೋಷವಾಯಿತು" ಎಂದು ಹೇಳಿ ಕುರ್ಚಿಯ ಮೇಲೆ ಕೂತ. ಯಾರೋ ಎಳನೀರು ಕೊಟ್ಟರು. ಆಮೇಲೆ ಪರದೆ ಬೆಳಗಿತು.

ಪರದೆಯ ಮೇಲೆ ಅವನೇ. ನೀಲಿ ಕೋಟು, ಗಾಜಿನ ನೆಲ. ಎಂದೋ ಎಲ್ಲೋ ತೆಗೆದ ವಿಡಿಯೋ. "ಗಗನಜ್ಯೋತಿ ಪವರ್! ಈ ದೀಪಾವಳಿಗೆ ಕೊಂಡವರು ಮುಂದಿನ ದೀಪಾವಳಿಗೆ ನನ್ನನ್ನು ನೆನೆಸಿಕೊಳ್ತೀರಿ. ಡಬಲ್ ಅಲ್ಲ, ಮೂರು ಪಟ್ಟು. ಬರೆದಿಟ್ಟುಕೊಳ್ಳಿ." ಪರದೆಯ ಮನುಷ್ಯ ಕೈ ಬೀಸಿ ಬೀಸಿ ಹೇಳುತ್ತಿದ್ದರೆ, ಅದೇ ಮನುಷ್ಯ ಅದರ ಕೆಳಗೆ ತುಟಿ ಬಿಗಿದು ಕೊಳವೆಯಲ್ಲಿ ಎಳನೀರು ಹೀರುತ್ತ ಕೂತಿದ್ದ. ನಮ್ಮೂರ ಕಲ್ಲಿನ ವಿಷಯ ಅವರಿಗೆ ಚೆನ್ನಾಗಿ ತಿಳಿದಿತ್ತು. ತಿಳಿದೇ ಅವನು ಬಾಯಿಯನ್ನು ಊರ ಹೊರಗೆ ಬಿಟ್ಟು ಹೊಟ್ಟೆಯನ್ನಷ್ಟೇ ತಂದಿದ್ದ.

ವಿಡಿಯೋ ಮುಗಿದು ಪ್ರಶ್ನೆ ಕೇಳಬಹುದು ಎಂದಾಗ ನಾನು ಎದ್ದುನಿಂತೆ. "ಗಗನಜ್ಯೋತಿ ಮೂರು ಪಟ್ಟು ಆಗತೈತೇನು? ನಿಮ್ಮ ಬಾಯಿಂದ ಒಮ್ಮೆ ಹೇಳ್ರಿ, ಕೇಳೂಣು."

ಅವನು ನಕ್ಕು ಪರದೆಯತ್ತ ಬೆರಳು ತೋರಿಸಿದ. "ಅಲ್ಲಿ ಹೇಳಿದೀನಲ್ಲ."

"ಇಲ್ಲಿ ಹೇಳ್ರಿ."

ಕಂಪನಿಯ ಮ್ಯಾನೇಜರ್ ಓಡಿಬಂದು, "ಸರ್ ಗಂಟಲು ಸರಿ ಇಲ್ಲ, ಬೇರೆ ಪ್ರಶ್ನೆ ಕೇಳಿ" ಎಂದ.

ಸರಿ, ಬೇರೆ ಕೇಳಿದೆ. "ತೇಜಪಥ ಪೈಪ್ಸ್ ತಗೊಳ್ಳಿ ಅಂತ ಟಿವಿಯಾಗ ಹೇಳಿದಾಗ ಆ ಶೇರು ನಿಮ್ಮ ಹತ್ತಿರ ಇತ್ತೇನು?"

ಆಗಿಹೋದದ್ದರ ಬಗ್ಗೆ ಮಾತಾಡಿದರೆ ಕಲ್ಲಿಲ್ಲ. ಅವನ ಗಂಟಲು ಸರಿಹೋಯಿತು. "ಇತ್ತು. ಅದನ್ನ ಪರದೆ ಕೆಳಗೆ ಹಾಕಿದ್ವಿ. ಮುಚ್ಚಿಡೋದೇನಿಲ್ಲ."

"ಯಾವಾಗ ಮಾರಿದ್ರಿ?"

"ನೋಡಿ ತಮ್ಮಾ," ಎಂದು ಜನರ ಕಡೆ ತಿರುಗಿ, ಪಾಠ ಹೇಳುವವನಂತೆ ಕೈ ಚಾಚಿದ. "ಎಲ್ಲರೂ ಕೊಳ್ಳೋವಾಗ ಮಾರಬೇಕು. ಮಾರ್ಕೆಟ್ ಅಂದ್ರೆ ಅಷ್ಟೇ. ನಾನು ಹೇಳಿದ ಮೇಲೆ ಜನ ಕೊಂಡರು, ಬೆಲೆ ಏರಿತು, ನಾನು ಮಾರಿದೆ. ಯಾವ ಕಾನೂನು ಮುರಿದೆ ಹೇಳಿ?"

ನಾನು ಕಾಯುತ್ತಿದ್ದದ್ದು ಗದ್ದಲಕ್ಕೆ. ಬಿದ್ದದ್ದು ಚಪ್ಪಾಳೆ. ನಿಜ ಹೇಳಿದ, ಎಷ್ಟು ಜಾಣ ನೋಡು ಎಂದು ನನ್ನ ಪಕ್ಕದವನು ಇನ್ನೊಬ್ಬನಿಗೆ ಹೇಳಿದ. ತಮ್ಮ ಕಿಸೆಗೆ ಕೈ ಹಾಕಿದ್ದನ್ನು ಒಬ್ಬ ವೇದಿಕೆಯ ಮೇಲೆ ವಿವರಿಸುತ್ತಿದ್ದಾನೆ, ಇವರು ಕೈಚಳಕಕ್ಕೆ ಮೆಚ್ಚಿ ಚಪ್ಪಾಳೆ ತಟ್ಟುತ್ತಿದ್ದಾರೆ. ಸರದಿ ಒಂದು ಹೆಜ್ಜೆ ಮುಂದೆ ಸರಿಯಿತು. ಮೈಕಿನವನು, "ಇನ್ನೂರಾ ಹತ್ತು ಖಾತೆ ಆಗಿವೆ" ಎಂದು ಕೂಗಿದ.

ಆಗ ವೇದಿಕೆಯ ಹಿಂದಿನ ಬಾಗಿಲಿನಿಂದ ಅತ್ತೆ ಬಂದಳು. ಕೈಗೆ ಮೆತ್ತಿದ ಹಿಟ್ಟು ಒಣಗಿತ್ತು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ರೊಟ್ಟಿಯ ಹಣದ ಬಾಕಿ ಕೇಳಲು ಬಂದಳೆಂದು ಮ್ಯಾನೇಜರ್ ಅಡ್ಡ ಹೋಗಿ, "ಅಮ್ಮಾ, ಆಮೇಲೆ" ಎಂದ. ಅವನನ್ನು ದಾಟಿಕೊಂಡು ವೇದಿಕೆಯ ಅಂಚಿಗೆ ಬಂದು ನಿಂತಳು. ಮೈಕು ಬೇಕಾಗಲಿಲ್ಲ. ಒಲೆಯ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಗಂಟಲು.

"ಇಲ್ಲಿ ಕೇಳ್ರಿ. ಈ ಮನುಷ್ಯಾ ಈಗ ಹೇಳಿದ ಶೇರ್ ತಗೊಂಡವರು ರೊಕ್ಕ ಕಳಕೊಂತೀರಿ."

ಸರದಿ ನಿಂತಿತು. ನಮ್ಮೂರಿನಲ್ಲಿ ಯಾರೂ, ಅಷ್ಟು ಜನರ ಮುಂದೆ, ಅಷ್ಟು ನೇರವಾಗಿ ನಾಳೆಯ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಜನರ ನಡುವಿನಿಂದ ಹೊಳೆಬಸಪ್ಪ ಕಾಕಾ ಎದ್ದು, "ಅಕ್ಕಾ, ಬ್ಯಾಡ, ಬಾಯಿ ಮುಚ್ಚು" ಎಂದು ಕೂಗಿದರು. ಕಲ್ಲು ಬಿದ್ದ ಮೇಲೆ ಅವರು ಮನೆಯಿಂದ ಹೊರಗೆ ಬಂದದ್ದು ಅವತ್ತೇ ಮೊದಲು. ಅವರ ಹೆದರಿಕೆ ಯಾಕೆಂದು ನಮಗೆಲ್ಲ ಗೊತ್ತು. ಅತ್ತೆಯ ಮಾತು ಕೇಳಿ ಕೊಳ್ಳದೆ ಬಿಟ್ಟವರಿಗೆ, ನಾಳೆ ಆ ಶೇರು ಏರಿದರೆ, ಬರಬೇಕಾದ ಲಾಭ ಬರದಂತಾಗುತ್ತದೆ. ಬಾರದ ಲಾಭವನ್ನೂ ನಮ್ಮೂರ ಕಲ್ಲು ತೂಗುತ್ತದೆ. ಒಬ್ಬರದಲ್ಲ, ಅಲ್ಲಿ ನಿಂತ ಎಲ್ಲರದ್ದೂ ಕೂಡಿ ಬಿದ್ದರೆ ಅದನ್ನು ಉರುಳಿಸುವುದಿರಲಿ, ಅದರ ಅಡಿಯಿಂದ ಅವಳನ್ನು ಎಳೆಯುವುದೇ ಕಷ್ಟ.

"ನಿನಗ ಶೇರಿನ ವಿಷಯ ಏನ್ ಗೊತ್ತವ್ವಾ?" ಎಂದು ಆ ಇಸ್ತ್ರಿ ಅಂಗಿಯ ಹಿರಿಯರು ಸರದಿಯಿಂದಲೇ ಕೇಳಿದರು.

"ಏನೂ ಗೊತ್ತಿಲ್ಲ. ಪವರ್ ಅಂದ್ರೇನು, ಪೈಪ್ ಅಂದ್ರೇನು, ನನಗ ತಿಳಿಯೂದಿಲ್ಲ. ಇಷ್ಟು ತಿಳೀತು. ಹೋದ ಸಲ ಕೊಳ್ರಿ ಅಂತ ಹೇಳಿ ತಾನು ಮಾರ್ಯಾನ. ತನ್ನ ಬಾಯಿಂದನ ಹೇಳಿದ, ನೀವು ಚಪ್ಪಾಳಿ ಬಡದ್ರಿ. ಈ ಸಲ ಕೊಳ್ರಿ ಅಂತ ಮತ್ತ ಹೇಳಾಕತ್ತಾನ." ಅವಳು ಪರದೆಯತ್ತ ಕೈ ತೋರಿಸಿದಳು. ಅಲ್ಲಿ ಆ ನೀಲಿ ಕೋಟು ಬಾಯಿ ತೆರೆದು ನಿಂತಿತ್ತು. "ಅಲ್ಲಿ ಮಾತಾಡೂ ಮನುಷ್ಯಾಗ ಕಾಲಿಲ್ಲ. ಇಲ್ಲಿ ಕಾಲಿದ್ದಾಂವ ಮಾತಾಡವಲ್ಲ. ನನಗ ಎರಡೂ ಅದಾವ." ಸೀರೆಯ ನೆರಿಗೆಯನ್ನು ಕಣಕಾಲಿನವರೆಗೆ ಎತ್ತಿ ಹಿಡಿದಳು. ಒಡೆದ ಹಿಮ್ಮಡಿ, ಬೂದಿ ಮೆತ್ತಿದ ಬೆರಳು. "ನೋಡ್ರಿ. ಇನ್ನ ಯಾರಿಗೆ ಬೇಕೋ ಅವರು ಸಹಿ ಮಾಡ್ರಿ."

ಕೌಸ್ತುಭರಾಜ್ ಮ್ಯಾನೇಜರನ ಕಿವಿಯಲ್ಲಿ ಏನೋ ಹೇಳಿದ. ಮ್ಯಾನೇಜರ್ ಮೈಕು ತೆಗೆದುಕೊಂಡು ಹಾಡು ಹಾಕಲು ಹೇಳಿದ. ಹಾಡಿನ ನಡುವೆಯೇ ಸರದಿಯ ಹಿಂಬದಿಯಿಂದ ಒಬ್ಬೊಬ್ಬರೇ ಕಳಚಿಕೊಂಡರು. ಯಾರೂ ಅತ್ತೆಯ ಮುಖ ನೋಡಲಿಲ್ಲ. ಎಲ್ಲರೂ ಅವಳ ಪಾದ ನೋಡಿಕೊಂಡೇ ಹೋದರು. ಎಲ್ಲರೂ ಹೋದರೆಂದು ಹೇಳಿದರೆ ಸುಳ್ಳಾದೀತು. ಇಸ್ತ್ರಿ ಅಂಗಿಯ ಹಿರಿಯರು ನಿಂತರು, ಸಹಿ ಮಾಡಿದರು, ಅವರ ಹಿಂದೆ ಇನ್ನೂ ಕೆಲವರು. ಸಂಜೆಗೆ ಮೈಕಿನವನು ಸಂಖ್ಯೆ ಕೂಗುವುದನ್ನು ಬಿಟ್ಟ. ಮುನ್ನೂರು ಆಗಿರಲಿಲ್ಲ. ನೀಲಿ ಕೋಟಿನ ಕಾರು ಅಷ್ಟರಲ್ಲಾಗಲೇ ಹೊರಟುಹೋಗಿತ್ತು. ಕಂಪನಿಯವರು ಪರದೆ ಬಿಚ್ಚಿ ಲಾರಿಗೆ ಹಾಕಿಕೊಂಡರು. ಕೊಟ್ರಪ್ಪ ಶೆಟ್ಟರು ಬಂದು, "ಸದ್ಯ ಇರ್ರಿ. ಮುಂದಿಂದು ನನ್ನ ಬಾಯಿಂದ ಬರೂದಿಲ್ಲ" ಎಂದು ಬಾಡಿಗೆ ತೆಗೆದುಕೊಂಡು ಹೋದರು. ಕೋಣೆ ಉಳಿಯಿತು. ನಮ್ಮದಾಗಿ ಅಲ್ಲ, ಬಾಡಿಗೆಗೆ. ಆದರೂ ಉಳಿಯಿತು.

ಇಲ್ಲಿಗೆ ಮುಗಿಸಿದರೆ ಓದುವವರಿಗೆ ಹಿತ. ಆದರೆ ಗಗನಜ್ಯೋತಿ ಪವರ್ ಏರುತ್ತಿದೆ. ದೀಪಾವಳಿಯಿಂದ ಏರುತ್ತಲೇ ಇದೆ. ಅವನು ಹೇಳಿದ ಮುಂದಿನ ದೀಪಾವಳಿ ಇನ್ನೂ ಬಂದಿಲ್ಲವಾದ್ದರಿಂದ ಅತ್ತೆಯ ಮಾತು ಸುಳ್ಳೂ ಆಗಿಲ್ಲ, ನಿಜವೂ ಆಗಿಲ್ಲ. ತೇಜಪಥವೂ ಮೊದಲು ಹೀಗೆಯೇ ಏರಿತ್ತು, ಅವನು ಮಾರುವವರೆಗೆ ಏರುತ್ತದೆ ಎಂದು ನನಗೆ ಅನಿಸುತ್ತದೆ; ಅನಿಸಿದ್ದನ್ನು ಯಾರಿಗೂ ಹೇಳಿಲ್ಲ. ಇಸ್ತ್ರಿ ಅಂಗಿಯವರು ಹೊಸ ಸ್ಕೂಟರ್ ತೆಗೆದುಕೊಂಡಿದ್ದಾರೆ. ಅತ್ತೆಯ ಮಾತು ಕೇಳಿ ಸರದಿ ಬಿಟ್ಟವರು ದಿನಾ ಬೆಳಿಗ್ಗೆ ಟಿವಿಯಲ್ಲಿ ಬೆಲೆ ನೋಡಿ, ತಮಗೆ ಬಾರದ ಲಾಭ ಎಷ್ಟಾಯಿತೆಂದು ಲೆಕ್ಕ ಹಾಕಿ, ರೊಟ್ಟಿ ಕೋಣೆಗೆ ಬರುತ್ತಾರೆ. ಮೊದಲು ಒಂದು ರೊಟ್ಟಿಯನ್ನೂ ಕೊಳ್ಳದಿದ್ದವರು ಈಗ ಎರಡೆರಡು ಕೊಳ್ಳುತ್ತಾರೆ. ಕಾಕಾ ದಿನವಿಡೀ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, ಮೇಲೆ ಏನೋ ಕಾಣುವವರಂತೆ ತಗಡಿನ ಕಡೆ ನೋಡುತ್ತಾರೆ. ನೀಲಿ ಕೋಟಿನವನು ಬೆಳಿಗ್ಗೆ ಎದ್ದು ಬೂಟು ಹಾಕಿಕೊಳ್ಳುವಾಗ ಒಮ್ಮೆಯಾದರೂ ಕೆಳಗೆ ನೋಡುತ್ತಾನೋ ಇಲ್ಲವೋ; ನನ್ನ ಅತ್ತೆ ಒಲೆಯ ಮುಂದಿನಿಂದ ಏಳುವಾಗಲೆಲ್ಲ ನೋಡಿಕೊಳ್ಳುತ್ತಾಳೆ.

ನಿನ್ನೆ ಮಧ್ಯಾಹ್ನವೂ ಹಾಗೆಯೇ ನಾಲ್ಕೈದು ಜನ ಬಂದು ಕಟ್ಟೆಗೆ ಆತುಕೊಂಡು, ಕತ್ತು ಬಗ್ಗಿಸಿ ಒಳಗೆ ಇಣುಕುತ್ತಿದ್ದರು. ಅತ್ತೆ ಹೆಂಚಿನ ಮೇಲಿನ ರೊಟ್ಟಿಯನ್ನು ಮಗುಚಿ ಹಾಕಿ, ತಲೆ ಎತ್ತದೆ ಹೇಳಿದಳು: "ಎಷ್ಟು ಬೇಕು ಹೇಳ್ರಿ. ರೊಟ್ಟಿ ಮ್ಯಾಲೈತಿ, ಕೆಳಗ ಏನ್ ನೋಡಾಕತ್ತೀರಿ?"